ರೌಟರ್ ನಿಂತರೂ ಹೀಟರ್ ನಿಲ್ಲಲಿಲ್ಲ: ಒಂದು ಆ್ಯಪ್ ಥರ್ಮೋಸ್ಟಾಟ್‌ನ ಪ್ರಕರಣ ಅಧ್ಯಯನ

ಒಂದು ಸಣ್ಣ ಓದುವ ಕೋಣೆ. ಅದರಲ್ಲಿ 1500 ವಾಟ್‌ನ, ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್. ಅದನ್ನು ಫೋನ್‌ನಿಂದ ನಡೆಸಲು ಗೆಳೆಯರೊಬ್ಬರು ತಾವೇ ಒಂದು ಥರ್ಮೋಸ್ಟಾಟ್ ಕಟ್ಟಿಕೊಂಡಿದ್ದರು. ಕೆಲವು ವಾರ ಸರಿಯಾಗಿಯೇ ನಡೆಯಿತು. ಒಂದು ರಾತ್ರಿ ವೈಫೈ ರೌಟರ್ ಹ್ಯಾಂಗ್ ಆಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕೋಣೆ 30 ಡಿಗ್ರಿ ಹತ್ತಿರ ಕಾದಿತ್ತು. ಆ್ಯಪ್‌ನಲ್ಲಿ ಮಾತ್ರ ರಾತ್ರಿಯ 19 ಡಿಗ್ರಿಯೇ ಕಾಣುತ್ತಿತ್ತು.

ಯಾರಿಗೂ ಏನೂ ಆಗಲಿಲ್ಲ, ಏನೂ ಸುಡಲಿಲ್ಲ. ಆದರೆ ಹೀಟರ್ ಮೇಲೆ ಒಂದು ಬಟ್ಟೆ ಬಿದ್ದಿದ್ದರೂ ಕಥೆ ಬೇರೆ ಆಗುತ್ತಿತ್ತು. ಅವರು ಡಬ್ಬಿಯನ್ನೂ ಕೋಡನ್ನೂ ತಂದು ನನ್ನ ಮುಂದಿಟ್ಟರು. ಇಬ್ಬರೂ ಕೂತು ಪೂರ್ತಿ ಬಿಚ್ಚಿ ನೋಡಿದೆವು, ಆಮೇಲೆ ಹೊಸದಾಗಿ ಕಟ್ಟಿದೆವು. ಇಂಥದ್ದನ್ನು ಕಟ್ಟಲು ಹೊರಟಿರುವವರಿಗೆ ಈ ವಿವರ ಉಪಯೋಗಕ್ಕೆ ಬರಬಹುದು. ಯಾಕೆಂದರೆ ಅವರ ಕೋಡ್‌ನಲ್ಲಿ ವಿಚಿತ್ರವಾದದ್ದು ಏನೂ ಇರಲಿಲ್ಲ. ಕಲಿಯುವವರು ಎಲ್ಲರೂ ಬರೆಯುವಂಥ ಕೋಡೇ ಅದು.

ಮೊದಲು ಇದ್ದ ಜೋಡಣೆ

ಬೋರ್ಡ್ ಇಎಸ್‌ಪಿ8266 ಚಿಪ್‌ನದ್ದು, ವೈಫೈ ಒಳಗೇ ಇರುವಂಥದ್ದು. ಉಷ್ಣಾಂಶ ಅಳೆಯುವ ಸೆನ್ಸರ್ ಡಿಎಚ್‌ಟಿ11. ಹೀಟರ್ ಆನ್-ಆಫ್ ಮಾಡಲು 5 ವೋಲ್ಟ್‌ನ ಒಂದು ನೀಲಿ ರಿಲೇ, ಅಂದರೆ ಸುರುಳಿಗೆ ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್. ಮೂರೂ ಒಂದೇ ಪ್ಲಾಸ್ಟಿಕ್ ಡಬ್ಬಿಯೊಳಗೆ.

ಬೋರ್ಡ್ ಉಷ್ಣಾಂಶ ಓದಿ ಎಂಕ್ಯುಟಿಟಿ ಮೂಲಕ ಆ್ಯಪ್‌ಗೆ ಕಳಿಸುತ್ತಿತ್ತು. ಎಂಕ್ಯುಟಿಟಿ ಅಂದರೆ ಸಾಧನಗಳು ಚಿಕ್ಕ ಸಂದೇಶ ಕಳಿಸಿಕೊಳ್ಳುವ ಒಂದು ಪದ್ಧತಿ; ನಡುವೆ ನಿಂತು ಸಂದೇಶ ದಾಟಿಸುವ ಸರ್ವರ್‌ಗೆ ಬ್ರೋಕರ್ ಅನ್ನುತ್ತಾರೆ. ಆ್ಯಪ್‌ನಲ್ಲಿ ಒಂದು ನಿಯಮ: 20ಕ್ಕಿಂತ ಕಡಿಮೆ ಇದ್ದರೆ "ಆನ್" ಎಂಬ ಸಂದೇಶ ಕಳಿಸು, 20 ಮುಟ್ಟಿದರೆ "ಆಫ್" ಕಳಿಸು. ಬೋರ್ಡ್ ಸಂದೇಶ ಬಂದ ಹಾಗೆ ರಿಲೇ ಎಳೆಯುತ್ತಿತ್ತು, ಬಿಡುತ್ತಿತ್ತು. ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಆ್ಯಪ್‌ನಿಂದ ನಡೆಯುವ ಥರ್ಮೋಸ್ಟಾಟ್ ಅಂದರೆ ಇದೇ ಅಂತ ಬಹಳ ಜನ ಅಂದುಕೊಳ್ಳುತ್ತಾರೆ.

ಇನ್ನೊಂದು ವಿಷಯ ನಮಗೆ ಆಮೇಲೆ ಗೊತ್ತಾಯಿತು. ಹೀಟರ್‌ಗೆ ತನ್ನದೇ ಒಂದು ಥರ್ಮೋಸ್ಟಾಟ್ ಗುಂಡಿ ಇತ್ತು. ಅದು ನಡುವೆ ಬಾಯಿ ಹಾಕಬಾರದು ಅಂತ ಅದನ್ನು ಪೂರ್ತಿ ಗರಿಷ್ಠಕ್ಕೆ ತಿರುಗಿಸಿ ಬಿಟ್ಟಿದ್ದರು.

ಆ ರಾತ್ರಿ ಕೋಡ್‌ನೊಳಗೆ ನಡೆದದ್ದು

ಲಾಗ್ ಇರಲಿಲ್ಲ. ಹಾಗಾಗಿ ಅದೇ ಬೋರ್ಡ್‌ಗೆ ಹೀಟರ್ ಬದಲು ಒಂದು ಬಲ್ಬ್ ಹಾಕಿ, ಅದು ಉರಿಯುತ್ತಿರುವಾಗಲೇ ರೌಟರ್‌ನ ಪ್ಲಗ್ ಕಿತ್ತೆವು. ಬಲ್ಬ್ ಉರಿಯುತ್ತಲೇ ಇತ್ತು. ಬೋರ್ಡ್ ಬರೆಯುವುದನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ಐದೈದು ಸೆಕೆಂಡಿಗೆ ಒಂದೊಂದು ಸಾಲು: ಸಂಪರ್ಕ ಆಗಲಿಲ್ಲ, ಮತ್ತೆ ಯತ್ನಿಸುತ್ತಿದ್ದೇನೆ. ಮತ್ತೆ ಅದೇ ಸಾಲು. ಮತ್ತೆ ಅದೇ.

ಕಾರಣ ಮರುಸಂಪರ್ಕದ ಫಂಕ್ಷನ್. ಬ್ರೋಕರ್ ಸಿಗುವ ತನಕ ಅದು ಒಂದು ವೈಲ್ ಲೂಪ್‌ನೊಳಗೆ ಸುತ್ತುತ್ತದೆ. ಪ್ರತಿ ಸುತ್ತಿಗೂ 5 ಸೆಕೆಂಡ್ ಡಿಲೇ, ಅಂದರೆ ಸುಮ್ಮನೆ ಕಾಯುವುದು. ಲೈಬ್ರರಿಗಳ ಜೊತೆ ಬರುವ ಉದಾಹರಣೆ ಕೋಡ್‌ಗಳಲ್ಲಿ ಈ ಬಗೆಯ ಲೂಪ್ ಬೇಕಾದಷ್ಟು ಕಾಣುತ್ತದೆ. ಉದಾಹರಣೆಗೆ ಅದು ತಪ್ಪೇನಲ್ಲ. ಒಂದು ಬಟನ್ ಒತ್ತಿದರೆ ಎಲ್‌ಇಡಿ ಹೊತ್ತಬೇಕು ಅನ್ನುವಷ್ಟಕ್ಕೆ ಧಾರಾಳ ಸಾಕು. ಆದರೆ ಬೋರ್ಡ್‌ನ ಪಿನ್‌ಗೆ ರಿಲೇ ಮೂಲಕ 1500 ವಾಟ್ ಕಟ್ಟಿರುವಾಗ ಆ ಲೂಪ್‌ನ ಅರ್ಥವೇ ಬೇರೆ. ಲೂಪ್‌ನೊಳಗೆ ಹೋಗುವಾಗ ಪಿನ್ ಹೇಗಿತ್ತೋ ಹಾಗೇ ಇರುತ್ತದೆ. ಸೆನ್ಸರ್ ಓದುವವರಿಲ್ಲ, ರಿಲೇ ಕಡೆ ನೋಡುವವರಿಲ್ಲ.

ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ರೀಸ್ಟಾರ್ಟ್ ಮಾಡುವ ಕಾವಲು ಗಡಿಯಾರ, ವಾಚ್‌ಡಾಗ್, ಯಾಕೆ ಹಿಡಿಯಲಿಲ್ಲ ಅಂತ ಗೆಳೆಯರು ಕೇಳಿದರು. ಒಳ್ಳೆಯ ಪ್ರಶ್ನೆ. ಇಎಸ್‌ಪಿ8266ನಲ್ಲಿ ಡಿಲೇ ಕರೆದಾಗಲೆಲ್ಲ ಚಿಪ್ ತನ್ನ ವೈಫೈ ಕೆಲಸಗಳಿಗೆ ಹೋಗಿ ಬರುತ್ತದೆ. ಆಗ ವಾಚ್‌ಡಾಗ್ ಎಣಿಕೆಯೂ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಚಿಪ್‌ನ ಲೆಕ್ಕದಲ್ಲಿ ಎಲ್ಲವೂ ಸರಿಯಿದೆ. ಪ್ರೋಗ್ರಾಂ ಸತ್ತಿಲ್ಲ, ಸುಮ್ನೆ ಬೇರೆ ಕೆಲಸದಲ್ಲಿ ಮುಳುಗಿದೆ. ಆ ವ್ಯತ್ಯಾಸ ವಾಚ್‌ಡಾಗ್‌ಗೆ ಗೊತ್ತಾಗುವುದಿಲ್ಲ.

ಲೂಪ್ ತೆಗೆದು ಬೇರೆ ರೀತಿ ಬರೆದಿದ್ದರೆ ಸಾಕಿತ್ತಾ? ಸಾಲುತ್ತಿರಲಿಲ್ಲ. ಆನ್ ಅಥವಾ ಆಫ್ ಅನ್ನುವ ತೀರ್ಮಾನ ಆ್ಯಪ್‌ನಲ್ಲಿತ್ತು. ಫೋನ್, ರೌಟರ್, ಬ್ರೋಕರ್ ಮೂರೂ ಎದ್ದಿದ್ದರೆ ಮಾತ್ರ ಹೀಟರ್ ಆಫ್ ಆಗುವ ವ್ಯವಸ್ಥೆ ಅದು. ಮೂರರಲ್ಲಿ ಯಾವುದು ಮಲಗಿದರೂ ಕೊನೆಯ ಸಂದೇಶವೇ ಶಾಶ್ವತ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇದೇ. ಕೆಟ್ಟ ಲೂಪ್ ಇದನ್ನು ಹೊರಗೆ ತೋರಿಸಿತು ಅಷ್ಟೇ.

ತೀರ್ಮಾನವನ್ನು ಬೋರ್ಡ್‌ಗೆ ತಂದದ್ದು

ಹೊಸ ಜೋಡಣೆಯಲ್ಲಿ ಆ್ಯಪ್ ಆನ್, ಆಫ್ ಅನ್ನುವ ಮಾತನ್ನೇ ಆಡುವುದಿಲ್ಲ. ಅದು ಕಳಿಸುವುದು ಒಂದೇ ಸಂಖ್ಯೆ: ಕೋಣೆ ಎಷ್ಟು ಡಿಗ್ರಿ ಇರಬೇಕು. ಆ ಸಂಖ್ಯೆಯನ್ನು ಬೋರ್ಡ್ ತನ್ನ ಫ್ಲಾಶ್‌ನಲ್ಲಿ, ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ, ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಫೋನ್ ಇರಲಿ ಬಿಡಲಿ, ಸೆನ್ಸರ್ ಓದುವುದು, ಹೋಲಿಸುವುದು, ರಿಲೇ ಎಳೆಯುವುದು ಎಲ್ಲ ಬೋರ್ಡ್‌ನ ಕೆಲಸ. ಕರೆಂಟ್ ಹೋಗಿ ಬಂದರೂ ಉಳಿಸಿಟ್ಟ ಸಂಖ್ಯೆಯಿಂದಲೇ ಮುಂದುವರಿಯುತ್ತದೆ.

ಎಂಕ್ಯುಟಿಟಿಯಲ್ಲಿ "ರಿಟೇನ್" ಎಂಬ ಸೌಲಭ್ಯ ಇದೆ. ಕೊನೆಯ ಸಂದೇಶವನ್ನು ಬ್ರೋಕರ್ ಇಟ್ಟುಕೊಂಡು, ಹೊಸದಾಗಿ ಸೇರಿದವರಿಗೆ ತಕ್ಷಣ ಕೊಡುತ್ತದೆ. "ಆನ್" ಎಂಬ ಆಜ್ಞೆಯನ್ನು ಹೀಗೆ ಇಟ್ಟರೆ ಅಪಾಯ. ಮಧ್ಯಾಹ್ನ ಬೋರ್ಡ್ ಮರುಸಂಪರ್ಕ ಆದಾಗ ನಿನ್ನೆಯ "ಆನ್" ಮತ್ತೆ ಬಂದು ಹೀಟರ್ ಹೊತ್ತಬಹುದು. "20 ಡಿಗ್ರಿ" ಅನ್ನುವುದು ಎಷ್ಟು ಸಲ ಬಂದರೂ ತೊಂದರೆ ಇಲ್ಲ. ಕೋಣೆ ಆಗಲೇ 20 ಇದ್ದರೆ ಬೋರ್ಡ್ ಸುಮ್ಮನಿರುತ್ತದೆ. ಗುರಿ ಕಳಿಸುವುದಕ್ಕೂ ಆಜ್ಞೆ ಕಳಿಸುವುದಕ್ಕೂ ಇರುವ ಈ ವ್ಯತ್ಯಾಸ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹೀಟರ್, ಪಂಪ್, ಮೋಟಾರ್ ಯಾವುದನ್ನೇ ದೂರದಿಂದ ನಡೆಸುವವರು ಮೊದಲು ಇದನ್ನೇ ಯೋಚಿಸಬೇಕು.

ಬಂದ ಸಂಖ್ಯೆಯನ್ನು ಬೋರ್ಡ್ ಕಣ್ಣು ಮುಚ್ಚಿ ನಂಬುವುದಿಲ್ಲ. 5ಕ್ಕಿಂತ ಕಡಿಮೆ ಅಥವಾ 25ಕ್ಕಿಂತ ಜಾಸ್ತಿ ಬಂದರೆ ತಿರಸ್ಕರಿಸುತ್ತದೆ. ಈ ಮಿತಿ ಆ್ಯಪ್‌ನ ಸ್ಲೈಡರ್‌ನಲ್ಲಿ ಇದ್ದರೆ ಸಾಲದು, ಬೋರ್ಡ್‌ನಲ್ಲೇ ಇರಬೇಕು. ಸ್ಲೈಡರ್ ಎಳೆಯುವಾಗ ಹತ್ತಾರು ಸಂದೇಶ ಒಟ್ಟಿಗೆ ಬರುತ್ತವೆ. ಫ್ಲಾಶ್‌ಗೆ ಬರೆಯುವ ಸಲಗಳಿಗೆ ಮಿತಿ ಇದೆ. ಅದಕ್ಕೇ ಸಂಖ್ಯೆ ಕೆಲವು ಸೆಕೆಂಡ್ ಬದಲಾಗದೆ ನಿಂತ ಮೇಲೆ ಮಾತ್ರ ಬರೆಯುವಂತೆ ಮಾಡಿದೆವು.

ಮರುಸಂಪರ್ಕವೂ ಈಗ ಪ್ರತಿ ಸುತ್ತಿನಲ್ಲಿ ಒಂದೇ ಯತ್ನ. ಆಗದಿದ್ದರೆ ಮುಂದಿನ ಕೆಲಸ. ಆ ಒಂದು ಯತ್ನವೂ ಜಾಸ್ತಿ ಹೊತ್ತು ಹಿಡಿಯದಂತೆ ಟೈಮ್‌ಔಟ್ ಕಡಿಮೆ ಇಟ್ಟೆವು. ಡಿಲೇ ಎಲ್ಲೂ ಇಲ್ಲ. ಎಲ್ಲವೂ ಮಿಲ್ಲಿಸ್ ಎಣಿಕೆಯ ಮೇಲೆ, ಅಂದರೆ ಬೋರ್ಡ್ ಆನ್ ಆಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವ ಎಣಿಕೆ. ಮಿಲ್ಲಿಸ್ 32 ಬಿಟ್‌ನ ಎಣಿಕೆ, ಸುಮಾರು 49.7 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದು ಅಂತರ ನೋಡಿದರೆ ಈ ತಿರುವು ಕಾಟ ಕೊಡುವುದಿಲ್ಲ. "ಮುಂದೆ ಇಷ್ಟು ಗಂಟೆಗೆ" ಅಂತ ಗುರುತು ಹಾಕಿ ಹೋಲಿಸಿದರೆ ಕೊಡುತ್ತದೆ.

ಡಬ್ಬಿಯ ಬಿಸಿ, ಕೋಣೆಯ ಬಿಸಿ

ಇಷ್ಟಾದ ಮೇಲೆ ಅಳತೆಯ ಕಡೆ ತಿರುಗಿದೆವು. ಒಂದು ಸಾಮಾನ್ಯ ಗಾಜಿನ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟಾಗ ಗೊತ್ತಾಯಿತು, ಡಬ್ಬಿಯೊಳಗಿನ ಸೆನ್ಸರ್ ಕೋಣೆಗಿಂತ ಎರಡು ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಒಲೆ ಪಕ್ಕ ಕೂತವರನ್ನು ಚಳಿ ಇದೆಯಾ ಅಂತ ಕೇಳಿದ ಹಾಗೆ.

ಎರಡು ಡಿಗ್ರಿ ಕಳೆದುಬಿಟ್ಟರೆ ಆಯಿತಲ್ಲ ಅಂದರು ಗೆಳೆಯರು. ಆಗುವುದಿಲ್ಲ. ಈ ಬಗೆಯ ರಿಲೇಯ ಸುರುಳಿ 5 ವೋಲ್ಟ್‌ನಲ್ಲಿ ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ. ಅಂದರೆ 0.35 ವಾಟ್ ಬಿಸಿ, ಅದೂ ರಿಲೇ ಆನ್ ಇದ್ದಾಗ ಮಾತ್ರ. ಅದರ ಮೇಲೆ ವೈಫೈ ಚಿಪ್‌ನ ಬಿಸಿ, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್‌ನ ಬಿಸಿ. ಹೀಟರ್ ಆನ್ ಇದ್ದಾಗ ತಪ್ಪು ಒಂದಷ್ಟು, ಆಫ್ ಇದ್ದಾಗ ಇನ್ನೊಂದಷ್ಟು. ಯಾವ ಸಂಖ್ಯೆ ಕಳೆಯುವುದು?

ಇಲ್ಲಿ ಒಂದು ಸೊಗಸಾದ ಸಂಗತಿ ಹೇಳಲೇಬೇಕು. ಹಳೆಯ ಕಾಲದ ಗೋಡೆ ಥರ್ಮೋಸ್ಟಾಟ್‌ಗಳಲ್ಲಿ, ಎರಡು ಲೋಹದ ಪಟ್ಟಿ ಬಾಗಿ ಸ್ವಿಚ್ ತಾಗುವಂಥವುಗಳಲ್ಲಿ, ಬೇಕೆಂದೇ ಒಂದು ಪುಟ್ಟ ತಂತಿಯ ರೆಸಿಸ್ಟರ್ ಇಡುತ್ತಿದ್ದರು. ಬಿಸಿ ಬೇಕು ಅಂತ ಸ್ವಿಚ್ ಆನ್ ಆದಾಗ ಅದು ಸ್ವಲ್ಪ ಕಾಯುತ್ತಿತ್ತು, ಪಟ್ಟಿಯನ್ನೂ ಕಾಯಿಸುತ್ತಿತ್ತು. ಹಾಗಾಗಿ ಕೋಣೆ ಗುರಿ ಮುಟ್ಟುವ ಸ್ವಲ್ಪ ಮೊದಲೇ ಥರ್ಮೋಸ್ಟಾಟ್ ಆಫ್ ಆಗುತ್ತಿತ್ತು. ಅದಕ್ಕೆ ಹೀಟ್ ಆ್ಯಂಟಿಸಿಪೇಟರ್ ಅಂತ ಹೆಸರು. ಹೀಟರ್ ಆಫ್ ಆದ ಮೇಲೂ ಅದರಲ್ಲಿ ಉಳಿದ ಬಿಸಿ ಕೋಣೆಗೆ ಬರುತ್ತಲೇ ಇರುತ್ತದೆ, ಅದಕ್ಕೆ ಮೊದಲೇ ಜಾಗ ಬಿಡುವ ಉಪಾಯ ಅದು. ನಮ್ಮ ಡಬ್ಬಿಯಲ್ಲಿ ಅಳತೆ ಮೀರಿ, ಹಿಡಿತ ಇಲ್ಲದೆ ಆಗುತ್ತಿದ್ದದ್ದನ್ನು ಅವರು ಅಳೆದು ತೂಗಿ ಕೆಲಸಕ್ಕೆ ಹಚ್ಚಿದ್ದರು. ಒಂದು ತುಂಡು ತಂತಿಯಿಂದ ಇಷ್ಟು ಕೆಲಸ ತೆಗೆದವರ ಬಗ್ಗೆ ನನಗೆ ನಿಜವಾಗಿ ಗೌರವ.

ನಾವು ಸೆನ್ಸರನ್ನು ಡಬ್ಬಿಯಿಂದ ಹೊರಗೆ ತಂದೆವು. ಡಿಎಚ್‌ಟಿ11 ಬದಲು ಡಿಎಸ್18ಬಿ20. ಮೊದಲಿನದರ ನಿಖರತೆ ಎರಡು ಡಿಗ್ರಿ ಆಚೀಚೆ. ಇದರದ್ದು ಅರ್ಧ ಡಿಗ್ರಿ, ಹೆಜ್ಜೆ 0.0625 ಡಿಗ್ರಿ. ಒಂದು ಮೀಟರ್ ತಂತಿ, ಡೇಟಾ ತಂತಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್. ಒಳಗಿನ ಗೋಡೆಯ ಮೇಲೆ, ಎದೆ ಎತ್ತರದಲ್ಲಿ, ಕಿಟಕಿಯಿಂದಲೂ ಹೀಟರ್‌ನಿಂದಲೂ ದೂರ, ಬಿಸಿಲು ಬೀಳದ ಜಾಗ.

ಈ ಸೆನ್ಸರ್‌ನ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಲೇಬೇಕು. ಪವರ್ ಬಂದ ಕೂಡಲೇ, ಇನ್ನೂ ಅಳೆಯುವ ಮೊದಲೇ ಓದಿದರೆ ಅದು 85 ಡಿಗ್ರಿ ಅನ್ನುತ್ತದೆ. ಪೂರ್ತಿ ನಿಖರತೆಯ ಒಂದು ಅಳತೆಗೆ 750 ಮಿಲಿಸೆಕೆಂಡ್ ತನಕ ಬೇಕು. ತಂತಿ ಕಿತ್ತು ಹೋದರೆ ಸಾಮಾನ್ಯವಾಗಿ ಬಳಸುವ ಲೈಬ್ರರಿ ಮೈನಸ್ 127 ಕೊಡುತ್ತದೆ. 85 ಬಂದರೆ ಹೀಟರ್ ಆಫ್ ಆಗುತ್ತದೆ, ಅಷ್ಟೇ. ಮೈನಸ್ 127 ಬಂದರೆ? ಕೋಡ್‌ನ ಕಣ್ಣಿಗೆ ಕೋಣೆ ಭಯಂಕರ ಚಳಿ. ಹೀಟರ್ ಆನ್. ಮತ್ತೆ ಎಂದೂ ಆಫ್ ಇಲ್ಲ. ಒಂದು ಸಡಿಲ ಸ್ಕ್ರೂ ಸಾಕು ಆ ರಾತ್ರಿ ಮತ್ತೆ ಬರಲು.

ಹಾಗಾಗಿ 0ಯಿಂದ 45ರ ಒಳಗೆ ಇಲ್ಲದ ಯಾವ ಅಳತೆಯನ್ನೂ ಬೋರ್ಡ್ ಅಳತೆ ಅಂತ ಒಪ್ಪುವುದಿಲ್ಲ. ಸತತ ಮೂರು ಸಲ ಕೆಟ್ಟ ಅಳತೆ ಬಂದರೆ ರಿಲೇ ಆಫ್, ಆ್ಯಪ್‌ಗೆ ದೋಷದ ಸುದ್ದಿ. ಅಳತೆ ಸರಿಯಾಗಿದ್ದೂ ಹೀಟರ್ ಪೂರ್ತಿ ಒಂದು ಗಂಟೆ ಉರಿದು ಉಷ್ಣಾಂಶ ಏರದೇ ಇದ್ದರೆ ಆಗಲೂ ಆಫ್. ಸೆನ್ಸರ್ ಗೋಡೆಯಿಂದ ಕಳಚಿ ಬಿದ್ದಿರಬಹುದು, ಕಿಟಕಿ ತೆರೆದಿರಬಹುದು. ಯಾವುದೇ ಆದರೂ ಮನುಷ್ಯರು ಒಮ್ಮೆ ಬಂದು ನೋಡಲಿ.

ರಿಲೇಯ ಆಯಸ್ಸು, ಎಣ್ಣೆಯ ಬಿಸಿ

ಹಳೆಯ ನಿಯಮದಲ್ಲಿ ಆನ್ ಆಗುವುದಕ್ಕೂ ಆಫ್ ಆಗುವುದಕ್ಕೂ ಒಂದೇ ಗೆರೆ, 20. ಅಳತೆ 19 ಮತ್ತು 20ರ ನಡುವೆ ತುಯ್ದಾಡಿದಾಗಲೆಲ್ಲ ರಿಲೇ ಟಕ್ ಟಕ್. ಇಂಥ ರಿಲೇಗಳ ಡೇಟಾಶೀಟ್‌ನಲ್ಲಿ ಪೂರ್ತಿ ಹೊರೆಯ ಮೇಲೆ ಒಂದು ಲಕ್ಷ ಸಲದ ಆಯಸ್ಸು ಬರೆದಿರುತ್ತದೆ. ನಿಮಿಷಕ್ಕೊಮ್ಮೆ ಆನ್-ಆಫ್ ಆದರೆ ದಿನಕ್ಕೆ 1440 ಸಲ. 70 ದಿನದಲ್ಲಿ ಲಕ್ಷ ಮುಗಿಯಿತು.

ಮಾಮೂಲಿ ಪರಿಹಾರ ಹಿಸ್ಟರಿಸಿಸ್. 19.7ಕ್ಕಿಂತ ಕೆಳಗೆ ಹೋದರೆ ಆನ್, 20.3 ದಾಟಿದರೆ ಆಫ್, ನಡುವೆ ಇದ್ದರೆ ಹೇಗಿದೆಯೋ ಹಾಗೆ. ಮೊದಲು ಅದನ್ನೇ ಹಾಕಿದೆವು. ರಿಲೇ ಶಾಂತವಾಯಿತು, ಕೋಣೆ ಆಗಲಿಲ್ಲ. 20.3ಕ್ಕೆ ಆಫ್ ಆದ ಮೇಲೂ ಹೀಟರ್‌ನೊಳಗಿನ ಬಿಸಿ ಎಣ್ಣೆ ಕೋಣೆಯನ್ನು 21.5ರ ತನಕ ಒಯ್ಯುತ್ತಿತ್ತು. ಆಮೇಲೆ ಇಳಿದು 19.7ಕ್ಕೆ ಬಂದು ಆನ್ ಆದರೆ ಎಣ್ಣೆ ಕಾಯುವಷ್ಟರಲ್ಲಿ ಕೋಣೆ 19ರ ಕೆಳಗೆ. ಫ್ಯಾನ್ ಇರುವ ಹೀಟರ್ ಆಗಿದ್ದರೆ ಹಿಸ್ಟರಿಸಿಸ್ ಸಾಕಿತ್ತು. ಎಣ್ಣೆಯ ಹೀಟರ್‌ಗೆ ಸಾಲದು.

ಹಾಗಾಗಿ ಸಮಯವನ್ನು ಹಂಚುವ ವಿಧಾನಕ್ಕೆ ಬಂದೆವು. 15 ನಿಮಿಷಕ್ಕೊಮ್ಮೆ ಬೋರ್ಡ್ ಲೆಕ್ಕ ಹಾಕುತ್ತದೆ, ಮುಂದಿನ 15 ನಿಮಿಷದಲ್ಲಿ ಎಷ್ಟು ಹೊತ್ತು ಆನ್ ಇರಬೇಕು. ಗುರಿಗಿಂತ 1.5 ಡಿಗ್ರಿ ಕೆಳಗಿದ್ದರೆ ಪೂರ್ತಿ. 0.75 ಕೆಳಗಿದ್ದರೆ ಏಳೂವರೆ ನಿಮಿಷ. ಎರಡು ನಿಮಿಷಕ್ಕಿಂತ ಕಡಿಮೆ ಬಂದರೆ ಆನ್ ಮಾಡುವುದೇ ಇಲ್ಲ. ಇಷ್ಟೇ ಆದರೆ ಕೋಣೆ ಯಾವಾಗಲೂ ಗುರಿಗಿಂತ ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ಗೋಡೆಯಿಂದ ಸೋರಿ ಹೋಗುವ ಬಿಸಿಯನ್ನು ತುಂಬಲು ಒಂದಷ್ಟು ಹೊತ್ತು ಆನ್ ಇರಲೇಬೇಕು, ಕೊರತೆ ಇಲ್ಲದಿದ್ದರೆ ಈ ಲೆಕ್ಕ ಆನ್ ಮಾಡುವುದಿಲ್ಲ. ಅದಕ್ಕೆ ಇನ್ನೊಂದು ಸಂಖ್ಯೆ ಸೇರಿಸಿದೆವು. ಕೊರತೆ ಮುಂದುವರಿದಷ್ಟೂ ಅದು ನಿಧಾನವಾಗಿ ಏರುತ್ತದೆ, ಕೋಣೆ ಗುರಿ ಮೀರಿದರೆ ಇಳಿಯುತ್ತದೆ. ಅದಕ್ಕೊಂದು ಮೇಲ್ಮಿತಿ ಬೇಕು. ಇಲ್ಲದಿದ್ದರೆ ಕಿಟಕಿ ತೆರೆದಿಟ್ಟ ಹೊತ್ತಿನಲ್ಲಿ ಏರಿ ಕೂತು, ಕಿಟಕಿ ಮುಚ್ಚಿದ ಮೇಲೂ ಕಾಯಿಸುತ್ತಲೇ ಇರುತ್ತದೆ.

ಈಗ ಕೋಣೆ ಗುರಿಯ ಅರ್ಧ ಡಿಗ್ರಿ ಆಚೀಚೆ ನಿಲ್ಲುತ್ತದೆ. ರಿಲೇ ದಿನಕ್ಕೆ ಹೆಚ್ಚೆಂದರೆ 96 ಸಲ.

ಆ ನೀಲಿ ರಿಲೇಯನ್ನೂ ಬದಲಿಸಿದೆವು. ಅದರ ಮೇಲೆ 10 ಆಂಪಿಯರ್ ಅಂತ ಬರೆದಿದೆ. 1500 ವಾಟ್ ಹೀಟರ್ 230 ವೋಲ್ಟ್‌ನಲ್ಲಿ 6.5 ಆಂಪಿಯರ್ ಎಳೆಯುತ್ತದೆ, 120 ವೋಲ್ಟ್ ಇರುವ ಕಡೆ 12.5. ಎರಡನೆಯ ಕಡೆ ಅದು ಬರೆದ ಮಿತಿಯನ್ನೇ ಮೀರುತ್ತದೆ. ಮೊದಲ ಕಡೆಯೂ ಗಂಟೆಗಟ್ಟಲೆ ಹರಿಯುವ ಹೊರೆಗೆ ಅಗ್ಗದ ಮಾಡ್ಯೂಲ್‌ನ ತೆಳು ತಾಮ್ರದ ಗೆರೆ, ಸಣ್ಣ ಸ್ಕ್ರೂ ಟರ್ಮಿನಲ್ ನನಗೆ ನಂಬಿಕೆ ಕೊಡುವುದಿಲ್ಲ. 25 ಆಂಪಿಯರ್‌ನ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಹೊರೆಗೆಂದೇ ಮಾಡಿದ ರಿಲೇ, ಹಾಕಿಸಿದೆವು. ಚಿಕ್ಕ ರಿಲೇ ಈಗ ಕಾಂಟ್ಯಾಕ್ಟರ್‌ನ ಸುರುಳಿಯನ್ನು ಮಾತ್ರ ನಡೆಸುತ್ತದೆ. ಮುಖ್ಯ ಲೈನಿನ ಕೆಲಸವನ್ನು ಎಲೆಕ್ಟ್ರೀಷಿಯನ್ ಮಾಡಿದರು. ಇದನ್ನು ಓದಿ ಕಟ್ಟುವವರೂ ಹಾಗೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಪಿನ್ ಕೂಡ ಬದಲಾಯಿತು. ಹಳೆಯದರಲ್ಲಿ ರಿಲೇ ಡಿ4 ಪಿನ್‌ನಲ್ಲಿತ್ತು. ಈ ಚಿಪ್ ಬೂಟ್ ಆಗುವಾಗ ಆ ಪಿನ್ ಹೈ ಇರಲೇಬೇಕು, ಅಂದರೆ ಅದರಲ್ಲಿ ವೋಲ್ಟೇಜ್ ಇರಬೇಕು. ಹೈ ಆದರೆ ಎಳೆಯುವ ರಿಲೇ ಆದ್ದರಿಂದ ಪ್ರತಿ ರೀಸ್ಟಾರ್ಟ್‌ಗೂ ಒಂದು ಕ್ಷಣ ಹೀಟರ್ ಆನ್ ಆಗುತ್ತಿತ್ತು. ಡಿ1ಕ್ಕೆ ಬದಲಿಸಿದ ಮೇಲೆ ಆ ತೊಂದರೆ ಇಲ್ಲ.

ಆ್ಯಪ್ ಏನು ತೋರಿಸಬೇಕು

ಹಳೆಯ ಆ್ಯಪ್ ಬಟನ್ ಒತ್ತಿದ ಕೂಡಲೇ "ಆಫ್" ಅಂತ ತೋರಿಸುತ್ತಿತ್ತು, ಬೋರ್ಡ್‌ಗೆ ತಲುಪಿದೆಯೋ ಇಲ್ಲವೋ ಕೇಳದೆ. ಈಗ ಗುರಿ ಎರಡು ಕಡೆ ಕಾಣುತ್ತದೆ. ನಾವು ಕೇಳಿದ್ದು ಒಂದು, ಬೋರ್ಡ್ ಒಪ್ಪಿಕೊಂಡದ್ದು ಇನ್ನೊಂದು. ಎರಡೂ ಒಂದೇ ಆಗುವ ತನಕ ಬಣ್ಣ ಬೂದು. ಪ್ರತಿ ಅಳತೆಯ ಪಕ್ಕ ಅದು ಎಷ್ಟು ಹೊತ್ತಿನ ಹಿಂದಿನದು ಅಂತ ಬರೆದಿರುತ್ತದೆ. ಎಂಕ್ಯುಟಿಟಿಯ "ಲಾಸ್ಟ್ ವಿಲ್" ಸೌಲಭ್ಯವನ್ನೂ ಬಳಸಿದೆವು. ಬೋರ್ಡ್ ಹೇಳದೆ ಕೇಳದೆ ಮಾಯವಾದರೆ ಅದರ ಪರವಾಗಿ ಬ್ರೋಕರ್ "ಸಂಪರ್ಕ ಇಲ್ಲ" ಅಂತ ಸಾರುತ್ತದೆ. ರಾತ್ರಿಯ 19 ಡಿಗ್ರಿಯನ್ನು ಬೆಳಿಗ್ಗೆಯದು ಅಂತ ನಂಬುವ ಪ್ರಶ್ನೆ ಈಗಿಲ್ಲ.

ಬ್ರೋಕರ್ ಮನೆಯ ನೆಟ್‌ವರ್ಕ್‌ನೊಳಗೇ ಇದೆ, ಪಾಸ್‌ವರ್ಡ್ ಇದೆ. ಎಂಕ್ಯುಟಿಟಿಯ ಮಾಮೂಲಿ 1883 ಪೋರ್ಟ್‌ನಲ್ಲಿ ಸಂದೇಶ ಗೂಢಲಿಪಿ ಇಲ್ಲದೆ ಬಿಚ್ಚು ಬಿಚ್ಚಾಗಿ ಹೋಗುತ್ತದೆ, ಅದನ್ನು ರೌಟರ್‌ನಲ್ಲಿ ಹೊರಗೆ ತೆರೆದಿಡುವುದು ಬೇಡವೇ ಬೇಡ. ಹೊರಗಿನಿಂದ ಬೇಕಾದಾಗ ವಿಪಿಎನ್ ಮೂಲಕ, ಅಂದರೆ ಮನೆಯ ನೆಟ್‌ವರ್ಕ್‌ಗೆ ಸೇರುವ ಗುಪ್ತ ದಾರಿಯಿಂದ.

ಒಂದೊಂದಾಗಿ ಕಿತ್ತು ನೋಡಿದ್ದು

ಹೀಟರ್ ಜೋಡಿಸುವ ಮೊದಲು ಮತ್ತೆ ಬಲ್ಬ್ ಹಾಕಿ ಒಂದೊಂದೇ ಕೆಡಿಸುತ್ತಾ ಹೋದೆವು. ಬಲ್ಬ್ ಉರಿಯುವಾಗ ರೌಟರ್ ತೆಗೆದೆವು. ಉರಿಯುತ್ತಲೇ ಇತ್ತು, ಆದರೆ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿದಾಗ ಆ ಸರದಿ ಮುಗಿದು ಆಫ್ ಆಯಿತು. ಬ್ರೋಕರ್ ನಿಲ್ಲಿಸಿದೆವು, ಹಾಗೇ ಆಯಿತು. ಸೆನ್ಸರ್ ತಂತಿ ಕಿತ್ತೆವು, ಕೆಲವೇ ಸೆಕೆಂಡಿನಲ್ಲಿ ಆಫ್. ಪವರ್ ತೆಗೆದು ಹಾಕಿದೆವು, ರಿಲೇ ಸದ್ದು ಮಾಡದೆ ಎದ್ದು ಹಳೆಯ ಗುರಿಯನ್ನೇ ಹಿಡಿಯಿತು. ಆ್ಯಪ್‌ನಿಂದ ಬೇಕೆಂದೇ 60 ಡಿಗ್ರಿ ಕಳಿಸಿದೆವು, ಬೋರ್ಡ್ ಒಪ್ಪಲಿಲ್ಲ. ಕೋಡ್‌ನೊಳಗೆ ಬೇಕೆಂದೇ ಕೊನೆಯಿಲ್ಲದ ಲೂಪ್ ಒಂದನ್ನು ಡಿಲೇ ಇಲ್ಲದೆ ಸಿಕ್ಕಿಸಿದೆವು, ವಾಚ್‌ಡಾಗ್ ರೀಸ್ಟಾರ್ಟ್ ಮಾಡಿತು.

ಕೋಡ್‌ನಿಂದ ಆಗದ ಒಂದು ಕೆಲಸ ಉಳಿಯಿತು. ಕಾಂಟ್ಯಾಕ್ಟರ್‌ನ ತುದಿಗಳು ಕಿಡಿಯಿಂದ ಬೆಸೆದುಕೊಂಡರೆ ಬೋರ್ಡ್ ಎಷ್ಟು ಸಲ ಆಫ್ ಅಂದರೂ ಹೀಟರ್ ಆನ್. ಆಫ್ ಹೇಳಿ ಎಣ್ಣೆ ಆರುವಷ್ಟು ಹೊತ್ತು ಕಳೆದ ಮೇಲೂ ಉಷ್ಣಾಂಶ ಏರುತ್ತಿದ್ದರೆ ಆ್ಯಪ್ ಜೋರಾಗಿ ಎಚ್ಚರಿಸುವಂತೆ ಮಾಡಿದೆವು. ಆದರೆ ಎಚ್ಚರಿಕೆ ತಂತಿಯನ್ನು ಕತ್ತರಿಸುವುದಿಲ್ಲ. ತಂತಿ ಕತ್ತರಿಸುವ ಸಾಧನ ಹೀಟರ್‌ನಲ್ಲೇ ಇತ್ತು, ಗರಿಷ್ಠಕ್ಕೆ ತಿರುಗಿಸಿ ಬಿಟ್ಟಿದ್ದ ಆ ಗುಂಡಿ. ಹೊಸ ಜೋಡಣೆಯಲ್ಲಿ ಕೋಣೆಯನ್ನು 23 ಡಿಗ್ರಿಗೆ ತಂದು, ಹೀಟರ್ ಟಕ್ ಅಂತ ತಾನೇ ಆಫ್ ಆಗುವ ತನಕ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆವು. ಆ ಜಾಗಕ್ಕೆ ಬಣ್ಣದ ಒಂದು ಗೆರೆ ಎಳೆದಿದ್ದೇವೆ. ಆ್ಯಪ್‌ನಲ್ಲಿ ಕೇಳಬಹುದಾದ ಗುರಿಯನ್ನೂ 25ರಿಂದ 22ಕ್ಕೆ ಇಳಿಸಿ ಬೋರ್ಡ್‌ನ ಮಿತಿ ತಿದ್ದಿದೆವು. ಎರಡೂ ಒಂದರ ಕಾಲು ಒಂದು ತುಳಿಯದಿರಲಿ ಅಂತ.